ಊಟದ ಮೇಜು ಪ್ರೈವೇಟ್ ಲಿಮಿಟೆಡ್

"ನಾನೊಬ್ಬನೇ ಇರೋದು ಸಾರ್" ಎಂದು ನಿಜ ಹೇಳಿಬಿಟ್ಟಿದ್ದರೆ ಕೈಪಿಡಿಯ ಆ ಶುಕ್ರವಾರವೂ ಉಳಿದ ಶುಕ್ರವಾರಗಳ ಹಾಗೆ ತೆಪ್ಪಗೆ ಕಳೆದುಹೋಗುತ್ತಿತ್ತು. ಆದರೆ ಮನುಷ್ಯನಿಗೆ ಬಡಾಯಿ ಯಾವ ಹೊತ್ತಿನಲ್ಲಿ ಬರುತ್ತದೆಂದು ಹೇಳಲಾಗದು. ಅವನಿಗೆ ಅದು ಬೆಳಗಿನ ಕಾಫಿ ಇನ್ನೂ ಅರ್ಧ ಲೋಟ ಉಳಿದಿರುವಾಗ, ಕುತ್ತಿಗೆ ಜೋತುಬಿದ್ದ ಹಳೇ ಬನಿಯನ್ನಿನಲ್ಲಿ ಕೂತಿರುವಾಗ, ಫೋನಿನ ಮೂಲಕ ಬಂತು.

ಕೈಪಿಡಿ ಅವನ ಹೆಸರಲ್ಲ, ಕಸುಬು. ಕಪಾಟು, ಮಂಚ, ಮೇಜು ಈಗೆಲ್ಲ ಬಿಡಿಬಿಡಿಯಾಗಿ ರಟ್ಟಿನ ಪೆಟ್ಟಿಗೆಯಲ್ಲಿ ಮನೆಗೆ ಬರುತ್ತವಲ್ಲ, ಆ ಪೆಟ್ಟಿಗೆಯ ತಳದಲ್ಲಿ ನಾಲ್ಕಾಗಿ ಮಡಚಿದ ಒಂದು ಹಾಳೆ ಇರುತ್ತದೆ. ನಾವು ಎಲ್ಲವನ್ನೂ ತಪ್ಪಾಗಿ ಜೋಡಿಸಿದ ಮೇಲೆ ಹುಡುಕಿ ತೆಗೆಯುವ ಹಾಳೆ. ಅದರಲ್ಲಿ ಮಾತಿಲ್ಲ; ಒಂದು ಕೈ, ಒಂದು ಸ್ಕ್ರೂ, ಒಂದು ಬಾಣ. ಆ ಕೈ, ಸ್ಕ್ರೂ, ಬಾಣಗಳನ್ನು ಬರೆಯುವವನೇ ಈತ. ಬೀದಿಯವರೆಲ್ಲ ಕೈಪಿಡಿ, ಕೈಪಿಡಿ ಎಂದು ಕರೆದೂ ಕರೆದೂ ಈಗ ಹೆಂಡತಿಯೂ ಅಪರೂಪಕ್ಕೊಮ್ಮೆ ಬಾಯಿ ತಪ್ಪಿ ಹಾಗೇ ಕರೆಯುತ್ತಾಳೆ.

ಅವನ ಮನೆಯ ಕಪಾಟನ್ನೂ ಅವನೇ, ತಾನೇ ಬರೆದ ಹಾಳೆ ನೋಡಿಕೊಂಡು ಜೋಡಿಸಿದ್ದ. ಅದರ ಬಾಗಿಲು ಮಡಚಿದ ಪೇಪರು ಸಿಕ್ಕಿಸದೆ ಮುಚ್ಚಿಕೊಳ್ಳುವುದಿಲ್ಲ. ಕೊನೆಯಲ್ಲಿ ಒಂದು ಸ್ಕ್ರೂ ಉಳಿದುಹೋಗಿತ್ತು. ಅದು ಎಲ್ಲಿಯದೆಂದು ಎಂದಾದರೂ ಹೊಳೆದೀತೆಂಬ ನಂಬಿಕೆಯಲ್ಲಿ ಅವನು ಅದನ್ನು ಇಂದಿಗೂ ಜೇಬಿನಲ್ಲಿಟ್ಟುಕೊಂಡು ತಿರುಗುತ್ತಾನೆ.

ಹಿಂದೆ ಒಂದು ಅಚ್ಚುಕೂಟದಲ್ಲಿ ನೌಕರಿಯಿತ್ತು. ಅಲ್ಲಿನ ಮೇಲ್ವಿಚಾರಕ ಇವನು ಮೂತ್ರಕ್ಕೆ ಹೋದರೂ ಗಡಿಯಾರ ನೋಡುತ್ತಿದ್ದ. ಒಂದು ದಿನ ಇವನು ಹೋದವನು ವಾಪಸ್ ಬರಲೇ ಇಲ್ಲ. ನೇರ ಮನೆಗೆ ಬಂದು, ಊಟದ ಮೇಜಿನ ಕಿಟಕಿ ಕಡೆಯ ತುದಿಯಲ್ಲಿ ಪೆನ್ಸಿಲು ಜೋಡಿಸಿಕೊಂಡು, ಇನ್ನು ನನಗೆ ನಾನೇ ಯಜಮಾನ ಎಂದ. ಆ ಮಾತು ಅವನಿಗೆ ತುಂಬ ಇಷ್ಟ. ಕೆಲಸ ಇದ್ದಷ್ಟು ದಿನ ಅದು ನಿಜವೂ ಆಗಿತ್ತು. ಈಚೆಗೆ ಕೆಲಸ ತೆಳುವಾಗುತ್ತ ಬಂದಿತ್ತು, ಯಜಮಾನಿಕೆ ಮಾತ್ರ ಉಳಿದಿತ್ತು.

ಇನ್ನೊಂದು ಕಡೆ ಒಂದು ಸ್ಟೂಲು ಬಾಯಿ ತೆರೆದುಕೊಂಡು ಕಾಯುತ್ತಿತ್ತು. ಅವನ ಹೆಂಡತಿಯ ಅಣ್ಣನಿಗೆ ಪ್ಲಾಸ್ಟಿಕ್ ಬಕೆಟ್ಟು, ಮಗ್ಗು, ಟಬ್ಬುಗಳ ಅಂಗಡಿ. ಈ ಬಕೆಟ್ ಭಾವ ಯಾವಾಗ ಬಂದರೂ, ಚಪ್ಪಲಿ ಬಿಡುವ ಮೊದಲೇ, "ಗಲ್ಲಾಪೆಟ್ಟಿಗೆ ಪಕ್ಕದ ಸ್ಟೂಲ್ ಖಾಲಿ ಇದೆ ಭಾವ" ಎನ್ನುತ್ತಿದ್ದರು. ತಿಂಗಳ ಕೊನೆಯೊಳಗೆ ಒಂದು ಗಟ್ಟಿ ಕೆಲಸ ಸಿಗದಿದ್ದರೆ ಸೋಮವಾರದಿಂದ ಆ ಸ್ಟೂಲು ಹತ್ತುತ್ತೇನೆಂದು ಕೈಪಿಡಿ ಹೆಂಡತಿಗೆ ಮಾತು ಕೊಟ್ಟಿದ್ದ. ಇದು ತಿಂಗಳ ಕೊನೆಯ ಶುಕ್ರವಾರ.

ಹೀಗಿರುವಾಗ, ಅವನು ಆಗಾಗ ಚಿತ್ರ ಬರೆದುಕೊಡುತ್ತಿದ್ದ ಕಪಾಟು ಕಾರ್ಖಾನೆಯ ಖರೀದಿ ಅಧಿಕಾರಿಯ ಫೋನು.

"ಇಡೀ ವರ್ಷದ ಕೈಪಿಡಿ ಕೆಲಸದ ವಿಚಾರ. ಇವತ್ತು ಸಂಜೆಯೊಳಗೆ ಎಲ್ಲ ತೀರ್ಮಾನ ಆಗ್ಬೇಕು," ಎಂದಿತು ಅತ್ತಲಿನ ಧ್ವನಿ. "ಅದಕ್ಕೆ ಮೊದಲು ನಿಮ್ಮಿಂದ ಒಂದು ವಿಷಯ ತಿಳ್ಕೋಬೇಕಿತ್ತು. ನಿಮ್ಮ ವ್ಯವಹಾರ ಕಾನೂನು ಪ್ರಕಾರ ಯಾವ ರೂಪದಲ್ಲಿದೆ? ಒಬ್ಬರದೇನಾ, ಪಾಲುದಾರಿಕೆನಾ, ಇಲ್ಲಾ ಲಿಮಿಟೆಡ್ ಕಂಪನಿನಾ?"

ಆಗಲೇ ಆ ಬಡಾಯಿ ಬಂದದ್ದು. "ನಮ್ಮ ಸಂಸ್ಥೆಯಲ್ಲಿ ಅದೇ ಚರ್ಚೆ ನಡೀತಿದೆ ಸಾರ್. ಇವತ್ತು ಒಂದು ಸಭೆ ಕರೆದು ತಿಳಿಸ್ತೀವಿ."

"ಸಭೆ ಕರೀತೀರಾ? ಒಳ್ಳೇದು, ಒಳ್ಳೇದು. ನಾಲ್ಕು ಗಂಟೆಗೆ ನೀವೇ ಇಲ್ಲಿಗೆ ಬನ್ನಿ. ಯಾವುದನ್ನ ಆರಿಸ್ಕೊಂಡ್ರಿ, ಯಾಕೆ ಆರಿಸ್ಕೊಂಡ್ರಿ, ಎರಡೂ ಬಿಡಿಸಿ ಹೇಳ್ಬೇಕು."

ಫೋನು ಇಟ್ಟವನು ತಲೆಯೆತ್ತಿದರೆ ಎದುರಿಗೆ ಹೆಂಡತಿ. ಅವಳು ಹಲ್ಲಿನ ಡಾಕ್ಟರ ಬಳಿ ರೋಗಿಗಳ ಸರದಿ ನೋಡಿಕೊಳ್ಳುವವಳು. ಅಂದು ಡಾಕ್ಟರಿಗೇ ಹಲ್ಲುನೋವು ಬಂದು ರಜೆ ಕೊಟ್ಟಿದ್ದರು.

"ಯಾವ ಸಂಸ್ಥೆ ರೀ?" ಎಂದಳು.

"ಒಬ್ಬನೇ ಅಂದ್ರೆ ಚೆನ್ನಾಗಿರಲ್ಲ ಕಣೇ. ಒಬ್ಬನೇ ಅಂದ ತಕ್ಷಣ ಅವರ ಕಣ್ಮುಂದೆ ಈ ಬನಿಯನ್ ಬಂದುಬಿಡುತ್ತೆ."

"ಇರೋದೇ ಒಬ್ಬರು. ಒಬ್ಬರೇ ಅಂತ ಹೇಳಿ ಮುಗಿಸಿ."

ಆ ದಿನ ಆ ಮನೆಯಲ್ಲಿ ಆಡಿದ ಮಾತುಗಳಲ್ಲೆಲ್ಲ ಬುದ್ಧಿಯ ಮಾತು ಇದೊಂದೇ. ಆದರೆ ಅದನ್ನಾಡಿದವಳಿಗೂ ಅದರ ಮೇಲೆ ನಂಬಿಕೆ ನಿಲ್ಲಲಿಲ್ಲ. ಲೋಟ ಎತ್ತಿಕೊಂಡು ಎರಡು ಹೆಜ್ಜೆ ಹೋದವಳು ಹಿಂದಿರುಗಿದಳು.

"ಹಾಗೆ ನೋಡಿದ್ರೆ ಒಬ್ಬರೇ ಎಲ್ಲಿ? ಚಿತ್ರ ಸ್ಕ್ಯಾನ್ ಮಾಡಿ ಕಳಿಸೋಳು ನಾನು. ದುಡ್ಡು ಯಾಕೆ ಬಂದಿಲ್ಲ ಅಂತ ಫೋನ್ ಮಾಡಿ ಜಗಳ ಆಡೋಳು ನಾನು. ಇದು ಪಾಲುದಾರಿಕೆ ಅಲ್ಲದೆ ಮತ್ತೇನು?"

ಕೈಪಿಡಿ ಯೋಚಿಸಿದ. ಪಾಲುದಾರಿಕೆ ಎನ್ನುವುದಕ್ಕೂ ಒಂದು ಗತ್ತಿತ್ತು. ಸರಿ ಎನ್ನುವಷ್ಟರಲ್ಲಿ ಅಡುಗೆಮನೆಯಿಂದ ಕೆಮ್ಮಿದ ಸದ್ದಾಯಿತು. ಅದು ಅತ್ತೆ. ಮಗಳ ಮನೆಗೆ ಎರಡು ದಿನದ ಮಟ್ಟಿಗೆಂದು ಬಂದವರು. ಯಾವ ಎರಡು ದಿನ ಎಂದು ಇನ್ನೂ ಹೇಳಿರಲಿಲ್ಲ.

"ಅಳಿಯಂದ್ರೇ, ನೀವು ಕೂತಿರೋ ಮೇಜು ಯಾರದ್ದು?"

"ನಿಮ್ಮದೇ ಅತ್ತೆ. ಮದುವೇಲಿ ನೀವೇ ಕೊಡಿಸಿದ್ದು."

"ಮೇಜಿಲ್ಲದೆ ಚಿತ್ರ ಎಲ್ಲಿ ಬರೀತಿದ್ರಿ, ಗಾಳೀಲಾ? ಹಾಗಾದ್ರೆ ಬಂಡವಾಳ ನಂದು. ನನ್ನನ್ನೂ ಸೇರಿಸಿ."

ಹೀಗೆ ಕಾಫಿ ಆರುವಷ್ಟರಲ್ಲಿ ಒಬ್ಬರು ಮೂವರಾದರು. ಅಷ್ಟಕ್ಕೇ ನಿಂತಿದ್ದರೂ ಬದುಕಿಕೊಳ್ಳಬಹುದಿತ್ತು. ಆದರೆ ಮಹಡಿಯ ಮೇಲಿನ ಮನೆ ಮಾಲೀಕರು ಪೇಪರು ಓದಲು ಇಳಿದು ಬರುವ ಹೊತ್ತು ಅದು.

ಕಲಂ ಮಾಮ ಎಂದೇ ಅವರು ಪ್ರಸಿದ್ಧರು. ಕೋರ್ಟಿನ ನಕಲು ವಿಭಾಗದಲ್ಲಿ ಜೀವಮಾನವಿಡೀ ತೀರ್ಪುಗಳನ್ನು ಪ್ರತಿ ಮಾಡಿ ನಿವೃತ್ತರಾದವರು. ವಾದ ಮಾಡುವ ಅವಕಾಶ ಆಗ ಸಿಗದಿದ್ದದ್ದನ್ನು ಈಗ ಬಾಡಿಗೆದಾರರ ಮೇಲೆ ತೀರಿಸಿಕೊಳ್ಳುತ್ತಿದ್ದರು. ಹಾಲು ಒಡೆದರೂ ಅದಕ್ಕೊಂದು ಕಲಂ ಇದೆ ಎನ್ನುವ ಆಸಾಮಿ. ವಿಷಯ ತಿಳಿದದ್ದೇ ಪೇಪರನ್ನು ಕಂಕುಳಿಗೆ ಸೇರಿಸಿ ಕುರ್ಚಿ ಎಳೆದುಕೊಂಡರು.

"ಒಬ್ಬನೇ ಅಂತ ಬರೆದಿದ್ರೆ ಮುಗೀತಿತ್ತು ನಿನ್ನ ಕತೆ," ಎಂದರು. "ನಿನ್ನ ಚಿತ್ರ ನೋಡ್ಕೊಂಡು ಯಾರೋ ಕಪಾಟು ಜೋಡಿಸ್ತಾರೆ. ಅದು ಅವನ ಕಾಲ ಮೇಲೆ ಬೀಳುತ್ತೆ. ಕೇಸ್ ಹಾಕ್ತಾನೆ. ನಿನ್ನ ವ್ಯವಹಾರ ಬೇರೆ, ನೀನು ಬೇರೆ ಅಲ್ಲ. ನಿನ್ನ ಗಡಿಯಾರ, ಮಂಚ, ಹೊದಿಕೆ, ಎಲ್ಲ ಹೊತ್ಕೊಂಡು ಹೋಗ್ತಾರೆ."

ಕೈಪಿಡಿ ಕಪಾಟಿನ ಕಡೆ ನೋಡಿದ. ಸಿಕ್ಕಿಸಿದ್ದ ಪೇಪರು ಜಾರಿ, ಬಾಗಿಲು ಮೆಲ್ಲಗೆ ತಾನಾಗಿ ತೆರೆದುಕೊಂಡಿತು.

"ಪಾಲುದಾರಿಕೆ ಆದ್ರೆ?" ಎಂದಳು ಹೆಂಡತಿ.

"ಇನ್ನೂ ಚೆಂದ. ಅವನ ಮಂಚದ ಜೊತೆ ನಿನ್ನ ಬಳೇನೂ ಹೋಗುತ್ತೆ, ಅಮ್ಮನವರ ಮೇಜೂ ಹೋಗುತ್ತೆ. ಒಬ್ಬ ಎಡವಿದ್ರೆ ಎಲ್ಲರೂ ಬೀಳ್ಬೇಕು. ಇದಕ್ಕೆಲ್ಲ ಮದ್ದು ಒಂದೇ, ಲಿಮಿಟೆಡ್ ಕಂಪನಿ. ಕಂಪನಿ ಅಂದ್ರೆ ಕಾನೂನಿನ ಕಣ್ಣಿಗೆ ಬೇರೆಯೇ ಒಬ್ಬ ವ್ಯಕ್ತಿ. ಸಾಲ ಮಾಡಿದ್ರೆ ಅವನೇ ತೀರಿಸ್ಬೇಕು, ಮುಳುಗಿದ್ರೆ ಅವನೇ ಮುಳುಗ್ತಾನೆ. ನಾವು ದಡದಲ್ಲಿ ನಿಂತು ನೋಡ್ಬಹುದು."

ಅತ್ತೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದರು. "ಆ ಬೇರೆಯವನು ಎಲ್ಲಿ ಮಲಗ್ತಾನೆ? ಇರೋದೇ ಎರಡು ರೂಮು."

"ಅವನು ಮಲಗಲ್ಲ ತಾಯಿ. ಕಾಗದದ ಮೇಲೆ ಇರ್ತಾನೆ, ಅಷ್ಟೇ."

"ಊಟ?"

"ಊಟಾನೂ ಇಲ್ಲ."

"ತಪ್ಪು ಮಾಡಿದ್ರೆ ತಾನೇ ಅನುಭವಿಸ್ತಾನೆ ಅಂತೀರಿ?"

"ತಾನೇ ಅನುಭವಿಸ್ತಾನೆ."

"ಹಾಗಾದ್ರೆ ಸೇರಿಸ್ಕೊಳ್ಳಿ," ಎಂದರು ಅತ್ತೆ, ಅಳಿಯನ ಕಡೆ ಒಮ್ಮೆ ನೋಡಿ. "ಈ ಮನೆಗೆ ಅಂಥ ಒಬ್ಬ ಗಂಡಸು ಬೇಕಾಗಿತ್ತು."

ಕೈಪಿಡಿಗೆ ಯಾವ ವಿಷಯವೂ ಚಿತ್ರ ಬರೆಯದೆ ತಲೆಗೆ ಹೋಗುವುದಿಲ್ಲ. ಅವನು ಒಂದು ಹಾಳೆ ಎಳೆದುಕೊಂಡು ಮೂರು ಚಿತ್ರ ಗೀಚಿದ. ಮೊದಲನೆಯದರಲ್ಲಿ ಒಬ್ಬ ಬಡಪಾಯಿ ಇಡೀ ಕಪಾಟನ್ನು ತಲೆಯ ಮೇಲೆ ಹೊತ್ತಿದ್ದ. ಎರಡನೆಯದರಲ್ಲಿ ಇಬ್ಬರು ಹೊತ್ತಿದ್ದರು. ಒಬ್ಬ ಬೆವರುತ್ತಿದ್ದ, ಇನ್ನೊಬ್ಬ ಹಕ್ಕಿ ನೋಡುತ್ತಿದ್ದ. ಮೂರನೆಯದರಲ್ಲಿ ಕಪಾಟಿಗೇ ಕಾಲು ಮೂಡಿ ಅದು ತಾನಾಗಿ ನಡೆದುಹೋಗುತ್ತಿತ್ತು. ಹಿಂದೆ ನಾಲ್ಕು ಜನ ಜೇಬಿನಲ್ಲಿ ಕೈಯಿಟ್ಟುಕೊಂಡು ಹಾಯಾಗಿ ಬರುತ್ತಿದ್ದರು. ಕಪಾಟಿನ ಕೆಳಗೆ ಅಭ್ಯಾಸಬಲದಿಂದ ಒಂದು ಸ್ಕ್ರೂ ಬಿದ್ದಿರುವಂತೆ ಬರೆದ. ನೋಡಿದರೆ ಮೂರನೆಯದೇ ಚೆನ್ನಾಗಿತ್ತು.

ಅಷ್ಟರಲ್ಲಿ ಫೋನು ಮತ್ತೆ ರಿಂಗಾಯಿತು. ಅಧಿಕಾರಿ ಈ ಸಲ ಪಿಸುದನಿಯಲ್ಲಿದ್ದರು.

"ಸಭೆ ಆಯ್ತಾ? ಮನೇಲಿ ಏನಂತಾರೆ, ಒಪ್ಪಿದ್ರಾ? ಯಾರಾದ್ರೂ ಅತ್ತರಾ?"

"ಇಲ್ಲ ಸಾರ್, ಎಲ್ಲ ಗೆಲುವಾಗಿದ್ದಾರೆ."

"ಗೆಲುವಾಗಿದ್ದಾರಾ," ಎಂದು ಅವರು ಆಶ್ಚರ್ಯದಿಂದ ನಿಟ್ಟುಸಿರುಬಿಟ್ಟರು. "ಇನ್ನೊಂದು. ನಿಮಗೆ ಜ್ವರ ಬಂದ್ರೆ ರಜ ಯಾರನ್ನ ಕೇಳ್ತೀರಿ?"

ಕೈಪಿಡಿ ಫೋನಿಗೆ ಕೈ ಅಡ್ಡ ಹಿಡಿದು ವರದಿ ಒಪ್ಪಿಸಿದ. ಕಲಂ ಮಾಮ ಬೆರಳೆತ್ತಿದರು. "ಪರೀಕ್ಷೆ ಮಾಡ್ತಿದ್ದಾರೆ. ದೊಡ್ಡ ಕಾರ್ಖಾನೆಯವರು ಒಬ್ಬನ್ನೇ ನಂಬಲ್ಲ, ಅವನು ಮಲಗಿಬಿಟ್ರೆ ಕೆಲಸ ನಿಲ್ಲುತ್ತಲ್ಲ. ಕಂಪನಿಗೆ ಜ್ವರ ಬರಲ್ಲ ಅನ್ನು."

"ಕಂಪನಿಗೆ ಜ್ವರ ಬರಲ್ಲ ಸಾರ್."

ಅತ್ತ ಕಾಗದ ಸರಿಸಿದ ಸದ್ದು. ಆಮೇಲೆ, "ಚೆನ್ನಾಗಿದೆ. ಬರ್ಕೋತೀನಿ," ಎಂಬ ಮಾತು.

ಇನ್ನು ಅನುಮಾನವೇ ಉಳಿಯಲಿಲ್ಲ. ಕಂಪನಿಯೆಂದರೆ ಕೆಲಸ, ಒಬ್ಬನೇ ಎಂದರೆ ಸ್ಟೂಲು. ಕೈಪಿಡಿ ಎದ್ದು ಹೋಗಿ ಒಳ್ಳೆಯ ಶರಟು ಹಾಕಿಕೊಂಡು ಬಂದ. ಅವನು ಗುಂಡಿ ಹಾಕಿಕೊಳ್ಳುವಷ್ಟರಲ್ಲಿ ಅತ್ತೆ ಮಗನಿಗೆ ಫೋನು ಮಾಡಿ ಮುಗಿಸಿದ್ದರು.

ಬಕೆಟ್ ಭಾವ ಅಂಗಡಿಯ ಗೂಡ್ಸ್ ವ್ಯಾನಿನಲ್ಲೇ ಬಂದಿಳಿದರು. ಕೈಯಲ್ಲಿ ಒಂದು ನೀಲಿ ಬಕೆಟ್ಟು. "ಕಂಪನಿಗೆ ನನ್ನ ಕಡೆಯಿಂದ ಮೊದಲ ಆಸ್ತಿ," ಎಂದು ಅದನ್ನು ನಡುಮನೆಯಲ್ಲಿಟ್ಟರು. "ನನ್ನನ್ನ ಬಿಟ್ಟು ಕಂಪನಿ ಮಾಡ್ತೀರಂತೆ. ವ್ಯಾಪಾರ ಗೊತ್ತಿರೋನು ಈ ಮನೇಲಿ ಯಾರಿದ್ದಾರೆ, ನೀವೇ ಹೇಳಿ ಭಾವ."

ಊಟದ ಮೇಜಿಗೆ ನಾಲ್ಕು ಕುರ್ಚಿ. ಅತ್ತೆ ಒಂದರಲ್ಲಿ ಕೂತರು, ಬಕೆಟ್ ಭಾವ ಒಂದರಲ್ಲಿ, ಕಲಂ ಮಾಮ ಮೊದಲೇ ಒಂದರಲ್ಲಿ ಊರಿಕೊಂಡಿದ್ದರು, ಹೆಂಡತಿ ನಾಲ್ಕನೆಯದರಲ್ಲಿ. ನಿಂತೇ ಉಳಿದ ಕೈಪಿಡಿ ಅತ್ತಿತ್ತ ನೋಡಿ, ನೀಲಿ ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ಕೂತ. ಮೇಜು ಅವನ ಗದ್ದದ ಮಟ್ಟಕ್ಕೆ ಬಂತು.

ಸಭೆ ಚುರುಕಾಗಿ ನಡೆಯಿತು. ಬಂಡವಾಳ ಹಾಕಿದವರು ಅಧ್ಯಕ್ಷರಾಗಬೇಕೆಂದು ಕಲಂ ಮಾಮ ಹೇಳಿದ್ದರಿಂದ ಅತ್ತೆ ಅಧ್ಯಕ್ಷರಾದರು. ವ್ಯಾಪಾರ ಗೊತ್ತಿದ್ದದ್ದರಿಂದ ಬಕೆಟ್ ಭಾವ ವ್ಯವಸ್ಥಾಪಕ ನಿರ್ದೇಶಕರಾದರು. ಕಾನೂನು ಸಲಹೆ ಕಲಂ ಮಾಮನದು, ಹಣಕಾಸು ಹೆಂಡತಿಯದು. ಎಲ್ಲ ಜೋಡಿಸಿ ಮುಗಿದ ಮೇಲೆ ಒಬ್ಬ ಉಳಿದ.

"ನಾನು ಏನು?" ಎಂದ ಕೈಪಿಡಿ, ಮೇಜಿನ ಅಂಚಿನಿಂದ.

"ಯಾರಾದ್ರೂ ಕೆಲಸ ಮಾಡ್ಬೇಕಲ್ಲ ಭಾವ," ಎಂದರು ಬಕೆಟ್ ಭಾವ. "ನೀವು ಕಂಪನಿಯ ನೌಕರರು. ಮೊದಲನೇ ನೌಕರರು."

"ನಾನೂ ನಿರ್ದೇಶಕ ಆಗಬಾರದಾ?"

"ಕಾನೂನಿನಲ್ಲಿ ಅಡ್ಡಿಯಿಲ್ಲ," ಎಂದರು ಕಲಂ ಮಾಮ. "ಆದ್ರೆ ಕುರ್ಚಿ ಇಲ್ಲ."

ಹೆಂಡತಿ ಮಾತ್ರ ತನ್ನ ಕುರ್ಚಿಯಲ್ಲಿ ಸ್ವಲ್ಪ ಸರಿದು ಕೂತಳು, ಅರ್ಧ ಜಾಗ ಬಿಟ್ಟುಕೊಡುವವಳಂತೆ. ಬಕೆಟ್ಟಿನಿಂದ ಎದ್ದರೆ ಬೀಳುವ ಭಯದಲ್ಲಿ ಕೈಪಿಡಿ ಅದನ್ನು ಗಮನಿಸಲಿಲ್ಲ.

ಮುಂದಿನ ವಿಷಯ, ವಿಳಾಸ. ಕಂಪನಿಗೆ ನೋಂದಾಯಿತ ಕಚೇರಿ ಬೇಕು. ಈ ಮನೆಯೇ ಇದೆಯಲ್ಲ ಎಂದಳು ಹೆಂಡತಿ. ಕಲಂ ಮಾಮ ಕನ್ನಡಕ ತೆಗೆದು ಒರೆಸಿದರು. ಕಾನೂನು ಸಲಹೆಗಾರರು ಇದ್ದಕ್ಕಿದ್ದಂತೆ ಮನೆ ಮಾಲೀಕರಾಗಿಬಿಟ್ಟರು.

"ಬಾಡಿಗೆ ಪತ್ರದಲ್ಲಿ ವಾಸಕ್ಕೆ ಮಾತ್ರ ಅಂತಿದೆ. ಕಚೇರಿ ಮಾಡಿದ್ರೆ ಬಾಡಿಗೆ ಬೇರೆ ಆಗುತ್ತೆ. ಸಂಬಂಧ ಬೇರೆ, ಕಲಂ ಬೇರೆ."

"ನನ್ನ ಅಂಗಡಿ ವಿಳಾಸ ಹಾಕಿ," ಎಂದರು ಬಕೆಟ್ ಭಾವ ಉದಾರವಾಗಿ. ಎಲ್ಲರೂ ತಲೆಯಾಡಿಸಿದರು. ಕೈಪಿಡಿಯೂ ಆಡಿಸಿದ. ಕಾಗದದ ಮೇಲಿರುವ ಮನುಷ್ಯನಿಗೆ ಕಾಗದದ ಮೇಲೊಂದು ವಿಳಾಸ, ಅಷ್ಟೇ ತಾನೇ ಎಂದುಕೊಂಡ.

ಕಲಂ ಮಾಮ ಎರಡು ಪುಟ ತುಂಬ ನೌಕರನ ನಿಬಂಧನೆಗಳನ್ನು ಬರೆದು ಅವನ ಮುಂದೆ ತಳ್ಳಿದರು. ಜೀವಮಾನವಿಡೀ ಬೇರೆಯವರ ವಾಕ್ಯ ಪ್ರತಿ ಮಾಡಿದವರು ಮೊದಲ ಸಲ ಸ್ವಂತ ವಾಕ್ಯ ಬರೆಯುತ್ತಿದ್ದರು, ಒಂದನ್ನೂ ಬಿಟ್ಟಿರಲಿಲ್ಲ. ಪುಟದ ಕೊನೆಯಲ್ಲಿ ಸಹಿಯ ಜಾಗಕ್ಕೆ ಒಂದು ದೊಡ್ಡ ಬಾಣ ಎಳೆದಿದ್ದರು. ಕೈಪಿಡಿ ಮೇಲಿನದೇನನ್ನೂ ಓದಲಿಲ್ಲ. ಬಾಣ ಕಂಡ ಕಡೆ ಕೈ ಹೋಗುವುದು ಅವನ ಕಸುಬಿನ ಗುಣ. ಬಾಣದ ತುದಿಯಲ್ಲಿ ಚೊಕ್ಕವಾಗಿ ಸಹಿ ಹಾಕಿದ.

ನಾಲ್ಕು ಗಂಟೆಯ ಭೇಟಿಗೆ ಒಬ್ಬನೇ ಹೋಗಿ ಬರುತ್ತೇನೆ ಎಂದದ್ದಕ್ಕೆ ಅಧ್ಯಕ್ಷರು ಒಪ್ಪಲಿಲ್ಲ. ನೌಕರನನ್ನು ಕಳಿಸಿ ಮಂಡಳಿ ಮನೆಯಲ್ಲಿ ಕೂರುವುದೇ? ವ್ಯಾನಿನ ಮುಂದುಗಡೆ ಬಕೆಟ್ ಭಾವ, ಅತ್ತೆ, ಕಲಂ ಮಾಮ ಕೂತರು. ಹಿಂದೆ, ಒಂದರೊಳಗೊಂದು ಸಿಕ್ಕಿಸಿದ ಬಕೆಟ್ಟುಗಳ ಗೋಪುರಗಳ ನಡುವೆ, ಗಂಡ ಹೆಂಡತಿ. ತಿರುವು ಬಂದಾಗಲೆಲ್ಲ ಗೋಪುರಗಳು ಬಾಗಿ ಅವರ ಮಾತು ಕೇಳಿಸಿಕೊಂಡು ಮತ್ತೆ ನೆಟ್ಟಗಾಗುತ್ತಿದ್ದವು.

"ಬೆಳಿಗ್ಗೆನೇ ಹೇಳಿದ್ದೆ, ಒಬ್ಬರೇ ಅಂತ ಹೇಳಿ ಅಂತ," ಎಂದಳು ಹೆಂಡತಿ.

"ಆಮೇಲೆ ನೀನೇ ಸೇರ್ಕೊಂಡೆಯಲ್ಲ."

"ಸೇರ್ಕೊಂಡೆ. ನೀವು ಕರೀಲಿಲ್ಲ, ನಾನೇ ಸೇರ್ಕೊಂಡೆ," ಎಂದು ಅವಳು ಮುಖ ಆಚೆ ತಿರುಗಿಸಿದಳು. ಕೈಪಿಡಿಗೆ ಒಳಗೇ ಚುರುಕ್ಕೆಂದಿತು. ಕೆಲಸ ಸಿಕ್ಕಮೇಲೆ ಎಲ್ಲ ಸರಿಹೋಗುತ್ತದೆ ಎಂದು ಹೇಳಿಕೊಂಡ. ಜೇಬಿನಲ್ಲಿ ಸ್ಕ್ರೂ ತೊಡೆಗೆ ಚುಚ್ಚುತ್ತಿತ್ತು.

ಖರೀದಿ ಅಧಿಕಾರಿ ಸಣಕಲು ಮನುಷ್ಯ, ಕಣ್ಣಿನ ಕೆಳಗೆ ನಿದ್ದೆಗೆಟ್ಟ ಗುರುತು. ಅವರ ಮೇಜು ಇವರು ನಿರೀಕ್ಷಿಸಿದ್ದಕ್ಕಿಂತ ಬೋಳಾಗಿತ್ತು. ಬದಿಯಲ್ಲೊಂದು ರಟ್ಟಿನ ಪೆಟ್ಟಿಗೆ. ಅದರಲ್ಲಿ ಕಾಫಿ ಮಗ್ಗು, ಹಳೇ ಚಪ್ಪಲಿ, ಒಂದು ಪುಟ್ಟ ಗಿಡದ ಕುಂಡ. ಮೇಜಿನ ಮೇಲೆ ಒಂದೇ ಒಂದು ಅರ್ಜಿ, ಅದರ ಮೇಲೊಂದು ಪೆನ್ನು. ಐದು ಜನ ಒಳಗೆ ನುಗ್ಗಿದ್ದು ನೋಡಿ ಅವರಿಗೆ ಬೇಸರವಾಗುವ ಬದಲು ಮುಖ ಅರಳಿತು.

"ಇಷ್ಟು ಜನ ಅನುಭವಸ್ಥರು ಬರ್ತೀರಂತ ಗೊತ್ತಿರ್ಲಿಲ್ಲ. ಕೂತ್ಕೊಳ್ಳಿ," ಎಂದು ಎದ್ದು ಹೋಗಿ ಬಾಗಿಲು ಹಾಕಿ ಬಂದರು. "ಹೇಳಿ. ಯಾವುದು ಆರಿಸಿದ್ರಿ?"

"ಲಿಮಿಟೆಡ್ ಕಂಪನಿ," ಎಂದರು ನಾಲ್ವರೂ. ಐದನೆಯವನು ಬಾಗಿಲ ಬಳಿ ನಿಂತಿದ್ದ; ಇಲ್ಲಿಯೂ ಕುರ್ಚಿ ನಾಲ್ಕೇ.

ಕಲಂ ಮಾಮ ಹತ್ತು ನಿಮಿಷ ಮಾತಾಡಿದರು. ಅಧಿಕಾರಿ ತಲೆಯಾಡಿಸುತ್ತ ಕೇಳಿ, ಕೈಪಿಡಿಯ ಕಡೆ ಬೆರಳು ತೋರಿಸಿದರು. "ಸರಿ. ಇವರಿಗೆ ಒಂದು ದಿನ ಬೆಳಿಗ್ಗೆ ಎದ್ದು, ಇವತ್ತು ಕೆಲಸ ಬೇಡ, ನಾಳೆ ಮಾಡೋಣ ಅನ್ನಿಸಿದ್ರೆ?"

"ಅರ್ಜಿ ಕೊಡ್ಬೇಕು," ಎಂದರು ಬಕೆಟ್ ಭಾವ.

"ಯಾರಿಗೆ?"

"ನನಗೆ."

"ಯಾಕೆ, ನಿನಗ್ಯಾಕೆ?" ಎಂದರು ಅತ್ತೆ. "ನನಗೆ ಕೊಡ್ಲಿ. ಮೇಜು ನಂದು."

"ಅಮ್ಮ, ಮೇಜು ಕೊಟ್ಟವರೆಲ್ಲ ರಜ ಕೊಡೋಕಾಗಲ್ಲ."

"ಅವರು ನನ್ನ ಗಂಡ, ರಜ ಕೊಡೋದಾದ್ರೆ ನಾನು ಕೊಡ್ತೀನಿ," ಎಂದಳು ಹೆಂಡತಿ.

"ಮೌಖಿಕ ರಜ ಸಿಂಧು ಅಲ್ಲ," ಎಂದರು ಕಲಂ ಮಾಮ.

ಮಾತು ಏರಿತು. ರಜೆಯಿಂದ ಶುರುವಾದದ್ದು ಮದುವೆಯಲ್ಲಿ ಮೇಜಿನ ಜೊತೆ ಕುರ್ಚಿ ಆರು ಕೊಡಬೇಕಿತ್ತೋ ನಾಲ್ಕೋ ಎನ್ನುವಲ್ಲಿಗೆ ಮುಟ್ಟಿತು. ಅಧಿಕಾರಿಯ ಅರಳಿದ ಮುಖ ಬಾಡುತ್ತ ಬಂದದ್ದನ್ನು ನೋಡಿದವನು ಕೈಪಿಡಿ ಒಬ್ಬನೇ. ಕೆಲಸ ಕಣ್ಣೆದುರೇ ಕೈತಪ್ಪುತ್ತಿದೆ ಎನಿಸಿ, ಏನಾದರೂ ತೋರಿಸೋಣವೆಂದು ಚೀಲಕ್ಕೆ ಕೈಹಾಕಿ ಮಾದರಿ ಚಿತ್ರಗಳನ್ನು ಎಳೆದ. ಕೈಗೆ ಬಂದದ್ದು ಬೆಳಗಿನ ಆ ಮೂರು ಚಿತ್ರಗಳ ಹಾಳೆ.

ಅಧಿಕಾರಿ ಅದನ್ನು ತೆಗೆದುಕೊಂಡು ನೋಡಿದರು. ತಾನಾಗಿ ನಡೆಯುವ ಕಪಾಟು ನೋಡಿದರು, ಹಿಂದೆ ಜೇಬಿನಲ್ಲಿ ಕೈಯಿಟ್ಟುಕೊಂಡು ಬರುವ ನಾಲ್ವರನ್ನು ನೋಡಿದರು, ತಮ್ಮೆದುರು ಕೂತ ನಾಲ್ವರನ್ನು ನೋಡಿದರು. ನೆಲಕ್ಕೆ ಬಿದ್ದ ಸ್ಕ್ರೂವನ್ನೂ, ಬಾಗಿಲ ಬಳಿ ನಿಂತವನನ್ನೂ ನೋಡಿದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಸಾಕು, ಸಾಕು. ಈಗ ಅರ್ಥ ಆಯ್ತು. ಒಬ್ಬನೇ," ಎಂದು ಪೆನ್ನೆತ್ತಿ ಮೇಜಿನ ಮೇಲಿದ್ದ ಅರ್ಜಿಯಲ್ಲಿ ಒಂದು ಕಡೆ ಗುರುತು ಹಾಕಿ, ಕೆಳಗೆ ಸಹಿಯನ್ನೂ ಎಳೆದರು.

"ಯಾರು ಒಬ್ಬನೇ?" ಎಂದ ಕೈಪಿಡಿ.

"ನಾನು."

ಕುರ್ಚಿಯ ಜಗಳ ಬಿಟ್ಟು ನಾಲ್ವರೂ ಅವರ ಕಡೆ ತಿರುಗಿದರು.

"ಇವತ್ತು ಇಲ್ಲಿ ನನ್ನ ಕೊನೇ ದಿನ," ಎಂದರು ಅಧಿಕಾರಿ, ಪೆನ್ನನ್ನು ರಟ್ಟಿನ ಪೆಟ್ಟಿಗೆಗೆ ಹಾಕುತ್ತ. "ಈ ವಿಭಾಗಾನೇ ಮುಚ್ತಿದ್ದಾರೆ. ಕೈಪಿಡಿ ಕೆಲಸ ಪೂರ್ತಿ ಹೊರಗಿನ ಒಬ್ಬರಿಗೆ ಒಪ್ಪಿಸ್ತಾರಂತೆ. ಆ ಹೊರಗಿನವನು ನಾನೇ ಆಗ್ತೀನಿ ಅಂತ ಕೈಕಾಲು ಹಿಡಿದು ಒಪ್ಪಿಸ್ದೆ. ಆದ್ರೆ ಯಾವ ರೂಪದಲ್ಲಿ ಅಂತ ಇವತ್ತೇ ಬರೆದುಕೊಡ್ಬೇಕು. ಸ್ವಂತವಾಗಿ ದುಡಿಯೋರು ನನಗೆ ಗೊತ್ತಿರೋದು ನೀವೊಬ್ಬರೇ. ಅದಕ್ಕೇ ಕೇಳ್ದೆ. ಮನೇಲಿ ಅಳ್ತಿದ್ದಾರೆ ಸಾರ್, ನನಗೂ ರಾತ್ರಿಯಿಂದ ಕೈಕಾಲು ಆಡ್ತಿರ್ಲಿಲ್ಲ. ನೀವು ಬಂದು ದಾರಿ ತೋರಿಸಿದ್ರಿ."

"ಮತ್ತೆ ನನ್ನ ಕೆಲಸ?"

"ಅದೆಲ್ಲಿ ಹೋಗುತ್ತೆ? ನನಗೆ ನೆಟ್ಟಗೆ ಒಂದು ಗೆರೆ ಎಳೆಯೋಕೂ ಬರಲ್ಲ. ಚಿತ್ರ ಎಲ್ಲ ನೀವೇ ಬರೀಬೇಕು, ನನಗೆ ಕೊಡ್ಬೇಕು. ಮೊದಲಿನ ದರಕ್ಕಿಂತ ಸ್ವಲ್ಪ ಕಮ್ಮಿ. ನನಗೂ ಹೊಟ್ಟೆಪಾಡು ಇದೆಯಲ್ಲ."

ಕೈಪಿಡಿಗೆ ಒಂದು ಕ್ಷಣ ಕಣ್ಣು ಕತ್ತಲೆ ಬಂದಿತು, ಮರುಕ್ಷಣ ಬೆಳಕೂ ಬಂತು. ಕಮ್ಮಿಯಾದರೇನು, ವರ್ಷವಿಡೀ ಕೆಲಸ. ಕಿಟಕಿ ಪಕ್ಕದ ತನ್ನ ತುದಿ, ತನ್ನ ಪೆನ್ಸಿಲು, ಬನಿಯನ್ನು. ಸ್ಟೂಲಿನಿಂದ ಪಾರಾದೆ. "ಒಪ್ಪಿದೆ ಸಾರ್," ಎಂದ.

ಕಲಂ ಮಾಮ ಕೆಮ್ಮಿದರು. ಜೇಬಿನಿಂದ ಎರಡು ಪುಟ ತೆಗೆದು ಬಿಚ್ಚಿದರು. "ನೌಕರನು ಮಂಡಳಿಯ ಒಪ್ಪಿಗೆಯಿಲ್ಲದೆ ಹೊರ ಕೆಲಸ ಒಪ್ಪತಕ್ಕದ್ದಲ್ಲ. ಸಹಿ ಇದೆ."

"ಹಾಗಾದ್ರೆ ನೌಕರಿ ಬಿಟ್ಟೆ."

"ಬಿಡಬಹುದು. ಮೂರು ತಿಂಗಳ ನೋಟಿಸು."

ಮಂಡಳಿ ಅಲ್ಲಿಯೇ ತಲೆ ಕೂಡಿಸಿ ಸಭೆ ಸೇರಿತು. ಅಷ್ಟು ಹೊತ್ತು ಕಚ್ಚಾಡಿದವರು ಈಗ ಒಂದೇ ಮನಸ್ಸಿನಿಂದ ಇದ್ದರು. ಅಧ್ಯಕ್ಷರು ತೀರ್ಮಾನ ಹೇಳಿದರು. ಕೆಲಸ ಕಂಪನಿ ಒಪ್ಪಿಕೊಳ್ಳುತ್ತದೆ. ಚಿತ್ರ ನೌಕರ ಬರೆಯುತ್ತಾನೆ. ಹಣ ಕಂಪನಿಗೆ ಬರುತ್ತದೆ, ಕಂಪನಿ ಅವನಿಗೆ ಸಂಬಳ ಕೊಡುತ್ತದೆ.

"ಆಗ್ಲಿ," ಎಂದ ಕೈಪಿಡಿ ಸುಸ್ತಾಗಿ. "ಮನೇಲೇ ಕೂತು ಬರೀತೀನಿ."

"ಮನೇಲಿ ಹೇಗೆ?" ಎಂದು ಕಲಂ ಮಾಮ ಪುಟ ತಿರುಗಿಸಿದರು. "ನೌಕರನು ಬೆಳಿಗ್ಗೆಯಿಂದ ಸಂಜೆವರೆಗೆ ನೋಂದಾಯಿತ ಕಚೇರಿಯಲ್ಲಿ ಹಾಜರಿರತಕ್ಕದ್ದು."

ಕೈಪಿಡಿ ನಿಧಾನವಾಗಿ ಬಕೆಟ್ ಭಾವನ ಕಡೆ ತಿರುಗಿದ. ಅವರು ಎದ್ದು ಬಂದು, ಅಕ್ಕರೆಯಿಂದಲೇ, ಅವನ ಹೆಗಲ ಮೇಲೆ ಕೈಯಿಟ್ಟರು.

"ಸೋಮವಾರದಿಂದ ಬನ್ನಿ ಭಾವ. ಸ್ಟೂಲ್ ಖಾಲಿ ಇದೆ. ಗಿರಾಕಿ ಬಂದಾಗ ಬಕೆಟ್ ತೋರಿಸಿ, ಇಲ್ಲದಾಗ ಚಿತ್ರ ಬರೀರಿ."

ವಾಪಸ್ ಹೊರಟಾಗ ಅಧಿಕಾರಿಯೂ ಅದೇ ದಾರಿ ಎಂದದ್ದರಿಂದ ಅವರನ್ನೂ ಹತ್ತಿಸಿಕೊಂಡರು. ಮುಂದಿನ ಸೀಟಿನಲ್ಲಿ ಬಕೆಟ್ ಭಾವ, ಅತ್ತೆ, ತೊಡೆಯ ಮೇಲೆ ಗಿಡ ಇಟ್ಟುಕೊಂಡ ಅಧಿಕಾರಿ. ಹಿಂದೆ ಕಲಂ ಮಾಮ ಒಂದು ಟಬ್ಬಿನಲ್ಲಿ ಕಾಲು ಮಡಚಿ ಕೂತು ಆಗಲೇ ಗೊರಕೆ ಹೊಡೆಯುತ್ತಿದ್ದರು. ಹೆಂಡತಿ ಕೈಪಿಡಿಯ ಪಕ್ಕ ಸರಿದು ಕೂತು ಅವನ ತೋಳು ಹಿಡಿದುಕೊಂಡಳು. ಅಷ್ಟರ ಮಟ್ಟಿಗೆ ಸಮಾಧಾನವಾಯಿತು, ಆದರೆ ಸ್ಟೂಲು ಕಣ್ಣೆದುರಿನಿಂದ ಹೋಗಲಿಲ್ಲ.

ಸೀಟಿನ ಹಿಂದಿನ ಚಿಕ್ಕ ಕಿಂಡಿಯಿಂದ ಅಧಿಕಾರಿಯ ಫೋನು ರಿಂಗಾದದ್ದು ಕೇಳಿಸಿತು. ಬೇರೆ ಯಾವುದೋ ಕಾರ್ಖಾನೆಯವರಿರಬೇಕು. ಅಧಿಕಾರಿ ಗಂಟಲು ಸರಿಮಾಡಿಕೊಂಡರು, ಗಿಡವನ್ನು ನೆಟ್ಟಗೆ ಹಿಡಿದರು, ಬೆನ್ನು ನಿಮಿರಿಸಿದರು.

"ಹೌದೌದು, ಕೈಪಿಡಿ ಕೆಲಸ ಮಾಡ್ತೀವಿ," ಎಂದರು ಗತ್ತಿನಿಂದ. "ನಮ್ಮ ಸಂಸ್ಥೆಯಲ್ಲಿ ಒಂದು ಸಭೆ ಕರೆದು ತಿಳಿಸ್ತೀವಿ."

ಕೈಪಿಡಿ ಬಕೆಟ್ಟುಗಳ ನಡುವಿನಿಂದ ಕಿಂಡಿಯ ಕಡೆ ನೆಗೆದ. "ಬೇಡ ಸಾರ್, ಒಬ್ಬನೇ ಅನ್ನಿ," ಎಂದು ಕಿಂಡಿಯ ಗಾಜನ್ನು ಎರಡೂ ಕೈಯಿಂದ ಬಡಿದ. ತಿರುವು ಬಂತು, ಬಕೆಟ್ಟುಗಳ ಗೋಪುರ ಪೂರ್ತಿ ಅವನ ಮೇಲೆ ಕುಸಿಯಿತು, ಕೂಗು ಯಾರಿಗೂ ಮುಟ್ಟಲಿಲ್ಲ. ಬಕೆಟ್ಟೊಂದನ್ನು ತಲೆಯಿಂದ ಎತ್ತಿ ನೋಡಿದಾಗ ಅತ್ತೆ ಆಗಲೇ ಅಧಿಕಾರಿಯ ಕಡೆ ವಾಲಿಕೊಂಡಿದ್ದರು.

"ಸಭೆನಾ? ನಮ್ಮ ಮನೇಲೇ ಇಟ್ಕೊಳ್ಳಿ," ಎನ್ನುತ್ತಿದ್ದರು. "ಒಳ್ಳೇ ಮೇಜಿದೆ, ನಾಲ್ಕು ಕುರ್ಚಿ ಇದೆ. ನೀವು ಬಕೆಟ್ ಮೇಲೆ ಕೂತ್ಕೋಬಹುದು."